ಕ್ಯಾಪುಚಿನೋ

ಇಟಲಿಯ ಪಾನೀಯವೆಂದು ಲೋಕವೆಲ್ಲ ಬಲ್ಲ ಕ್ಯಾಪುಚಿನೋ ಹೆಸರು ಪಡೆದುದು ಸಂನ್ಯಾಸಿಗಳ ಉಡುಪಿನಿಂದ. ಹದಿನಾರನೆಯ ಶತಮಾನದಲ್ಲಿ ಇಟಲಿಯಲ್ಲಿ ಹುಟ್ಟಿದ ಕ್ರೈಸ್ತ ಪಂಥವೊಂದರ ಸಂನ್ಯಾಸಿಗಳು ಕಂದು ನಿಲುವಂಗಿಯನ್ನೂ ಅದಕ್ಕೆ ಹೊಂದಿಕೊಂಡ ಚೂಪಾದ ಕುಲಾವಿಯನ್ನೂ ಧರಿಸುತ್ತಿದ್ದರು. ಅಂತಹ ಕುಲಾವಿಗೆ ಇಟಲಿಯ ಭಾಷೆಯಲ್ಲಿ ‘ಕಪ್ಪುಚ್ಚೊ’ ಎಂದು ಹೆಸರು. ಅದರಿಂದಲೇ ಅವರು ಕಪುಚಿನ್ನರೆನಿಸಿದರು. ಮುಂದೆ ಆಸ್ಟ್ರಿಯದ ರಾಜಧಾನಿಯಾದ ವಿಯೆನ್ನಾದ ಕಾಫಿಗೃಹಗಳಲ್ಲಿ, ಕೆನೆ ಬೆರೆತು ಆ ನಿಲುವಂಗಿಯ ಬಣ್ಣಕ್ಕೆ ತಿರುಗಿದ ಕಾಫಿಗೆ ‘ಕಪುತ್ಸಿನರ್’ ಎಂಬ ಹೆಸರು ಬಿದ್ದಿತು.

1683ರಲ್ಲಿ ತುರ್ಕರು ವಿಯೆನ್ನಾದ ಮುತ್ತಿಗೆಯನ್ನು ಬಿಟ್ಟೋಡಿದಾಗ, ಅವರು ತೊರೆದುಹೋದ ಕಹಿ ಕಾಫಿಗೆ ಮಾರ್ಕೊ ದವಿಯಾನೊ ಎಂಬ ಕಪುಚಿನ್ ಸಂನ್ಯಾಸಿಯು ಹಾಲು ಬೆರೆಸಿದನೆಂಬ ಕಥೆಯೊಂದುಂಟು. ಕೇಳಲು ಸೊಗಸಾದ ಕಥೆ. ಆದರೆ ಅದಕ್ಕೆ ಆ ಕಾಲದ ದಾಖಲೆಯ ಆಧಾರವಿಲ್ಲ. ಬಟ್ಟಲಿನ ಮೇಲಣ ಬಿಳಿ ನೊರೆಯು ಕುಲಾವಿಯಂತೆ ಕಾಣುವುದೇ ಹೆಸರಿಗೆ ಕಾರಣವೆನ್ನುವವರೂ ಇದ್ದಾರೆ. ಅದೂ ಸಲ್ಲದು. ಉಗಿಯಿಂದ ನೊರೆಯೆಬ್ಬಿಸುವ ಯಂತ್ರ ಬರುವ ಮೊದಲೇ ಹೆಸರು ಬಳಕೆಯಲ್ಲಿತ್ತು.

ಆ ಯಂತ್ರದ ತವರು ಇಟಲಿ. ಉಗಿಯ ಬಲದಿಂದ ಬಿಸಿನೀರನ್ನು ಕಾಫಿಪುಡಿಯ ಮೂಲಕ ನೂಕುವ ಎಸ್ಪ್ರೆಸೊ ಯಂತ್ರಕ್ಕೆ ಮಿಲಾನಿನ ಲುಯಿಜಿ ಬೆತ್ಸೆರಾ 1901ರಲ್ಲಿ ಪೇಟೆಂಟ್ ಕೋರಿದನು. ಉಗಿಯ ಅತಿಯಾದ ಶಾಖದಿಂದ ಆ ಕಾಫಿಯಲ್ಲಿ ಸುಟ್ಟ ರುಚಿ ಸೇರುತ್ತಿತ್ತು. ಆಕಿಲೆ ಗಾಜ್ಜಿಯಾ ಎಂಬವನು ಉಗಿಯ ಬದಲು ಕೊಂತ ಮತ್ತು ಸ್ಪ್ರಿಂಗುಗಳನ್ನು ಬಳಸಿ, 1948ರ ಹೊತ್ತಿಗೆ ಈ ದೋಷವನ್ನು ನೀಗಿದನು. ವಾಯುಮಂಡಲದ ಒತ್ತಡಕ್ಕಿಂತ ಸುಮಾರು 9 ಪಟ್ಟು ಒತ್ತಡದಲ್ಲಿ ಇಳಿದ ಡಿಕಾಕ್ಷನ್ನಿನ ಮೇಲೆ ಹೊಂಬಣ್ಣದ ತೆಳುಪದರ ಕಟ್ಟಿತು. ಉಗಿಯನ್ನು ಹಾಲಿಗೆ ಹಾಯಿಸಿದಾಗ ಗಾಳಿಯ ಗುಳ್ಳೆಗಳನ್ನು ಹಾಲಿನ ಪ್ರೋಟೀನು ಸುತ್ತುವರಿದು ಹಿಡಿದಿಡುವುದರಿಂದ ನೊರೆ ನಿಲ್ಲುತ್ತದೆ. ಹಾಲು ಕುದಿದರೆ ಅದು ಕೆಡುತ್ತದೆ.

ವಿಯೆನ್ನಾದಲ್ಲಿ ಇಂದಿಗೂ ‘ಕಪುತ್ಸಿನರ್’ ಕೇಳಿದವರಿಗೆ ಕೊಂಚವೇ ಕೆನೆ ಬೆರೆತ ಕಂದು ಕಾಫಿ ಸಿಗುತ್ತದೆ. ನೊರೆಯ ಕ್ಯಾಪುಚಿನೋ ಬೇಕಾದವರು ಅಲ್ಲಿಯೂ ಇಟಲಿಯ ಹೆಸರನ್ನೇ ಹೇಳಬೇಕು.