ಕೊಡ ಎಣಿಸಿ ಮಡಿ ಮಾಡಿ

ಜತ್ತ ತಾಲೂಕಿನಲ್ಲಿ ಹೊಸದಾಗಿ ಕೈತೋಟ ಮಾಡುವವರು ಬೀಜ ಕೊಳ್ಳುವ ಮೊದಲು ಮನೆಯ ನೀರಿನ ಲೆಕ್ಕ ಹಾಕಬೇಕು. ಪೂರ್ವ ಭಾಗದ ಎಷ್ಟೋ ಊರುಗಳು ಮ್ಹೈಸಾಳ ಏತ ನೀರಾವರಿಯ ನೀರಿಗಾಗಿ ವರ್ಷಗಟ್ಟಲೆ ದಾರಿ ಕಾದಿವೆ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿಗೆ ಚಳಿಗಾಲದಲ್ಲಿ ದಿನಕ್ಕೆ ಸುಮಾರು 15 ಲೀಟರ್, ಅಂದರೆ ಒಂದು ಕೊಡ ನೀರು ಬೇಕು. ಏಪ್ರಿಲ್ ಬಿಸಿಲಿಗೆ ಎರಡು ಕೊಡವಾದರೂ ಬೇಕು. ಕಾಳು, ಕಾಯಿಪಲ್ಲೆ ತೊಳೆದ ನೀರು ಒಂದೇ ಕೊಡ ಉಳಿಯುವ ಮನೆಯಲ್ಲಿ ಒಂದೇ ಮಡಿ ಮಾಡಿ, ಅದನ್ನು ಚೆನ್ನಾಗಿ ಮಾಡಿ.

ಮಳೆನಾಡಿನವರ ಏರುಮಡಿ ನಮಗೆ ಹೊಂದುವುದಿಲ್ಲ. ಅದು ಬೇಗ ಒಣಗುತ್ತದೆ. ಒಂದು ಗೇಣು ಮಣ್ಣು ಅಗೆದು ತೆಗೆಯಿರಿ. ನಾಲ್ಕೈದು ಬುಟ್ಟಿ ಕಳಿತ ಗೊಬ್ಬರ ಬೆರೆಸಿ, ಅಂಗಳಕ್ಕಿಂತ ಮೂರು ಬೆರಳು ತಗ್ಗಾಗಿರುವಂತೆ ಮರಳಿ ತುಂಬಿ. ಉಳಿದ ಮಣ್ಣು ಸುತ್ತ ಒಡ್ಡಿಗೆ ಬಳಸಿ. ಮಾಡಗ್ಯಾಳ ಕುರಿಯ ಸೀಮೆ ಇದು, ಗೊಬ್ಬರಕ್ಕೆ ಬರವಿಲ್ಲ. ಆದರೆ ಹಸಿ ಹಿಕ್ಕೆ ಹಾಕಬೇಡಿ, ಎಳೆ ಬೇರು ಸುಡುತ್ತದೆ. ಎರಿ ನೆಲವಿದ್ದರೆ ಹಸ್ತ ಮಳೆಯ ಹೊತ್ತಿಗೆ ನೀರು ನಿಲ್ಲದಂತೆ ಒಡ್ಡಿಗೆ ಒಂದು ಬಾಯಿ ಬಿಡಿ.

ಆ ಮಳೆಯ ಹಸಿ ಆರುವ ಮುಂಚೆ ಮೆಂತ್ಯ, ರಾಜಗಿರಿ ಬಿತ್ತಿ. ಮೆಂತ್ಯ 25–30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಮೊದಲ ಸಲದವರಿಗೆ ಅದೇ ದೊಡ್ಡ ಧೈರ್ಯ. ಬೇಸಿಗೆಗೆ ಚವಳಿಕಾಯಿ ಒಳ್ಳೆಯದು, ಬೇರು ಆಳಕ್ಕಿಳಿದು ಬರ ತಡೆಯುತ್ತದೆ. ಸಾಲುಗಳ ನಡುವೆ ಶೇಂಗಾ ಸಿಪ್ಪೆ ಹರಡಿ. ದನಕ್ಕೆ ಬೇಕಾದ ಕಣಕಿಯನ್ನು ಇದಕ್ಕೆ ಕಳೆಯಬೇಡಿ.

ಗಿಡ ಹಳದಿಯಾದ ಕೂಡಲೇ ಯೂರಿಯಾ ಚೀಲ ಬಿಚ್ಚುವ ರೂಢಿಯನ್ನು ದಯವಿಟ್ಟು ಬಿಡಿ. ತುದಿಯ ಎಳೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ನರ ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಅದು ಹೆಚ್ಚಾಗಿ ಕಬ್ಬಿಣದ ಕೊರತೆ. ಸುಣ್ಣದ ಹರಳಿನ ನೆಲದಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಸ್ವಲ್ಪ ನಿಂಬೆರಸ ಕೂಡಿಸಿ ಸಂಜೆ ಎಲೆಗೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಹಳೆಯ ಕೆಳ ಎಲೆಗಳು ಪೂರ್ತಿ ಹಳದಿಯಾದರೆ ಮಾತ್ರ ಸಾರಜನಕದ ಮಾತು.

ಬಟ್ಟೆ ಒಗೆದ ಸೋಪಿನ ನೀರು ಪಲ್ಲೆಗೆ ಬೇಡ, ಮಣ್ಣು ಬಿಗಿಯುತ್ತದೆ. ಮೈ ತೊಳೆದ ಬಚ್ಚಲ ನೀರನ್ನು ನುಗ್ಗೆಗೆ ಹರಿಸಿ. ಪೆರಿಯಕುಳಂನ ಪಿಕೆಎಂ–1 ನುಗ್ಗೆ ಬೀಜದಿಂದಲೇ ಬರುತ್ತದೆ. ಗಿಡ ಸೊಂಟದೆತ್ತರ ಬಂದಾಗ ತುದಿ ಚಿವುಟಿ. ಪಕ್ಕದ ಟೊಂಗೆ ಒಡೆದು ಕಾಯಿ ಕೈಗೆಟುಕುವಷ್ಟರಲ್ಲೇ ಬಿಡುತ್ತವೆ.