ಮೊದಲು ಗಾಳಿ, ಆಮೇಲೆ ಅಂಗಿ

ಅಮೆರಿಕದಲ್ಲಿ ಬಿಲ್ಲು ಹಿಡಿದು ಬಿಳಿಬಾಲದ ಜಿಂಕೆಯ ಬೇಟೆಗೆ ಹೊರಡುವವರ ಖರ್ಚಿನ ಪಟ್ಟಿಯಲ್ಲಿ ವಾಸನೆ ತಡೆಯುವ ಉಡುಪು ಈಗ ಖಾಯಂ ಜಾಗ ಹಿಡಿದಿದೆ. ಜಾಕೆಟ್ಟು, ಪ್ಯಾಂಟು ಸೇರಿ ಮುನ್ನೂರು ಡಾಲರ್ ದಾಟುವುದು ಸಾಮಾನ್ಯ. ಬೇಡಿಕೆಗೆ ಕಾರಣವೂ ಇದೆ. ಬಂದೂಕಿನವರು ನೂರಿನ್ನೂರು ಗಜದಿಂದಲೇ ಗುರಿ ಹಿಡಿಯಬಹುದು. ಬಿಲ್ಲಿನವರು ಜಿಂಕೆ 20–30 ಗಜದೊಳಗೆ ಬರುವ ತನಕ ಮಿಸುಕಾಡದೆ ಕಾಯಬೇಕು. ಅಷ್ಟು ಹತ್ತಿರದಲ್ಲಿ ಮನುಷ್ಯನ ವಾಸನೆ ಅದರ ಮೂಗಿಗೆ ಬಡಿದರೆ ಅಂದಿನ ಬೇಟೆ ಮುಗಿದಂತೆ. ಹಾಗಿದ್ದೂ ನನ್ನ ಲೆಕ್ಕದಲ್ಲಿ ಈ ಉಡುಪಿನ ಜಾಗ ಪಟ್ಟಿಯ ತುದಿಯಲ್ಲಲ್ಲ, ಬುಡದಲ್ಲಿ.

ಇಂಥ ಬಟ್ಟೆಗಳಲ್ಲಿ ಹಲವು ಸಕ್ರಿಯ ಇಂಗಾಲವನ್ನು ನಂಬಿಕೊಂಡಿವೆ. ಅದರ ಸೂಕ್ಷ್ಮ ರಂಧ್ರಗಳು ವಾಸನೆಯ ಅಣುಗಳನ್ನು ಹಿಡಿದಿಡುತ್ತವೆ ಎಂಬುದು ನಿಜ. ರಂಧ್ರ ತುಂಬಿದ ಮೇಲೆ ಹಿಡಿಯುವುದಿಲ್ಲ ಎಂಬುದೂ ಅಷ್ಟೇ ನಿಜ. ಕಾರ್ಖಾನೆಗಳು ಬಳಸಿದ ಇಂಗಾಲವನ್ನು ಪೂರ್ತಿ ಶುದ್ಧಮಾಡಲು 700–900 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತವೆ. ಬಟ್ಟೆ ಒಣಗಿಸುವ ಮನೆಯ ಡ್ರೈಯರ್ ಅದರ ಹತ್ತಿರಕ್ಕೂ ಸುಳಿಯದು. ಮಿನ್ನೆಸೋಟದ ಬೇಟೆಗಾರರು 2007ರಲ್ಲಿ ಈ ಉಡುಪಿನ ಜಾಹೀರಾತುಗಳ ಮೇಲೆ ಹೂಡಿದ ದಾವೆಯಲ್ಲಿ ಚರ್ಚೆಯಾದದ್ದು ಇದೇ. ಕೆಳಗಿನ ನ್ಯಾಯಾಲಯ ಕೆಲವು ಹೇಳಿಕೆಗಳು ಸುಳ್ಳೆಂದಿತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿತು. ಗೆದ್ದವರು ಯಾರೇ ಇರಲಿ, ಕೊಳ್ಳುವವರಿಗೆ ಉಳಿಯುವ ಪಾಠ ಒಂದೇ: ವಾಸನೆ ತಗ್ಗಬಹುದು, ಇಲ್ಲವಾಗದು. ಉಸಿರಂತೂ ಯಾವ ಬಟ್ಟೆಗೂ ಸಿಗದೆ ಹೊರಗೇ ಹೋಗುತ್ತಿರುತ್ತದೆ. ಅಮೆರಿಕದ ವನ್ಯಜೀವಿ ಸಂಶೋಧಕ ಜಾನ್ ಶಿವಿಕ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೋಧಕ ನಾಯಿಗಳು ಈ ಉಡುಪು ತೊಟ್ಟು ಅಡಗಿದವರನ್ನೂ ತೊಡದವರನ್ನೂ ಹೆಚ್ಚುಕಡಿಮೆ ಒಂದೇ ರೀತಿ ಪತ್ತೆಹಚ್ಚಿದವು.

ನಾಯಿ ಬೇರೆ, ಜಿಂಕೆ ಬೇರೆ ಎನ್ನಬಹುದು. ಒಪ್ಪೋಣ: ಹುಡುಕಲೆಂದೇ ಪಳಗಿದ ಮೂಗಿಗೂ ಮೇಯುತ್ತ ಸಾಗುವ ಮೂಗಿಗೂ ವ್ಯತ್ಯಾಸವಿದೆ; ವಾಸನೆ ಕಡಿಮೆಯಾದರೆ ಜಿಂಕೆ ಎರಡು ಕ್ಷಣ ಹೆಚ್ಚು ನಿಂತೀತು. ಪಳಗಿದ ಬೇಟೆಗಾರರೇ ಇದನ್ನು ತೊಡುತ್ತಾರಲ್ಲ ಎಂಬ ವಾದ ಮಾತ್ರ ನಿಲ್ಲುವುದಿಲ್ಲ. ಅವರು ಗಾಳಿ ನೋಡಿ ಜಾಗ ಆರಿಸುತ್ತಾರೆ, ವಾಸನೆಯಿಲ್ಲದ ಸೋಪಿನಲ್ಲಿ ಬಟ್ಟೆ ಒಗೆಯುತ್ತಾರೆ, ರಬ್ಬರ್ ಬೂಟು ಹಾಕುತ್ತಾರೆ; ಯಶಸ್ಸಿನಲ್ಲಿ ಅಂಗಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಹೇಗೆ? ‘ಮನಸ್ಸಿಗೊಂದು ಧೈರ್ಯ’ ಎಂಬ ಸಮರ್ಥನೆಯಂತೂ ದುಬಾರಿ. ಅಂಗಿಯ ಧೈರ್ಯದಲ್ಲಿ ಗಾಳಿ ಬರುವ ಕಡೆಗೆ ಬೆನ್ನು ಹಾಕಿ ಕೂತವರು, ಕಾಸು ಕೊಟ್ಟು ಅಜಾಗರೂಕತೆ ಕೊಂಡಂತೆ.

ಅದೇ ದುಡ್ಡಿಗೆ ಬೇರೇನು ಬರುತ್ತದೆ ಎಂದು ಕೇಳಿಕೊಳ್ಳಬೇಕು. ಹಿಚುಕಿದರೆ ಪುಡಿ ಚಿಮ್ಮಿ ಗಾಳಿಯ ದಿಕ್ಕು ತೋರುವ ಪುಟ್ಟ ಸೀಸೆ ಕೆಲವೇ ಡಾಲರಿಗೆ ಸಿಗುತ್ತದೆ. ಇಳಿಜಾರಿನಲ್ಲಿ ಬೆಳಗಿನ ಬಿಸಿಲಿಗೆ ಗಾಳಿ ಮೇಲೇರುವುದನ್ನೂ ಸಂಜೆಯ ತಂಪಿಗೆ ಕೆಳಗಿಳಿಯುವುದನ್ನೂ ಆ ಪುಡಿ ಕಣ್ಣಿಗೇ ಕಾಣಿಸುತ್ತದೆ. ಉಳಿದ ಹಣದಲ್ಲಿ ಮರಕ್ಕೆ ಕಟ್ಟುವ ಇನ್ನೊಂದು ಅಟ್ಟಣೆ ಬರುತ್ತದೆ. ಬಡಗಣ ಗಾಳಿಗೊಂದು, ತೆಂಕಣ ಗಾಳಿಗೊಂದು. ಇದೆಲ್ಲ ಆಗಿ, ಹಳೆಯ ಜಾಕೆಟ್ಟು ಹರಿದು ಹೊಸದು ಕೊಳ್ಳಲೇಬೇಕಾದಾಗ ಮಾಮೂಲಿ ಜಾಕೆಟ್ಟಿಗೂ ಇದಕ್ಕೂ ಇಪ್ಪತ್ತು–ಮೂವತ್ತು ಡಾಲರಿನ ಅಂತರವಿದ್ದರೆ ಕೊಳ್ಳಿ, ತಪ್ಪಿಲ್ಲ. ಅಂತರ ನೂರು ದಾಟಿದರೆ ಮಾಮೂಲಿಯದೇ ಸಾಕು.