ಸಜ್ಜೆ ರೊಟ್ಟಿಗೆ ಹಿಟ್ಟು ಹೊಸದಿರಲಿ

ಸಜ್ಜೆ ಕಹಿ ಎಂದು ಒಂದೇ ಸಲಕ್ಕೆ ಕೈಬಿಟ್ಟವರನ್ನು ಬಹಳ ಜನ ನೋಡಿದ್ದೇನೆ. ಕೇಳಿದರೆ ಹೆಚ್ಚಿನವರು ತಂದದ್ದು ಎಂದೋ ಬೀಸಿಟ್ಟ ಪ್ಯಾಕೆಟ್ ಹಿಟ್ಟು. 100 ಗ್ರಾಂ ಸಜ್ಜೆಯಲ್ಲಿ ಸುಮಾರು 5 ಗ್ರಾಂ ಎಣ್ಣೆಯಂಶವಿದೆ. ಜೋಳ, ಗೋಧಿಯಲ್ಲಿ ಅದರ ಅರ್ಧವೂ ಇಲ್ಲ. ಕಾಳು ಇಡಿಯಾಗಿರುವಾಗ ಆ ಎಣ್ಣೆ ಭದ್ರ. ಬೀಸಿದ ಕೂಡಲೇ ಕಾಳಿನದೇ ಕಿಣ್ವ ಅದನ್ನು ಒಡೆಯತೊಡಗುತ್ತದೆ, ಕೆಲವೇ ದಿನಗಳಲ್ಲಿ ಹಿಟ್ಟು ಕಮಟುತ್ತದೆ.

ಹಾಗಾಗಿ ಕಾಳನ್ನೇ ಕೊಳ್ಳಿ. ವಾರಕ್ಕೆ ಬೇಕಾದಷ್ಟೇ ಬೀಸಿಸಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಗಿರಣಿ ದೂರವಿದ್ದರೆ ಕಾಳನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ ಬೀಸಿಸಿದರೆ ಹಿಟ್ಟು ಇನ್ನಷ್ಟು ದಿನ ತಡೆಯುತ್ತದೆ.

ಇನ್ನು ರೊಟ್ಟಿ. ಸಜ್ಜೆಯಲ್ಲಿ ಗ್ಲುಟನ್ ಇಲ್ಲ, ಹಿಟ್ಟಿಗೆ ಜಿಗುಟು ಬರುವುದು ಬಿಸಿನೀರಿನಿಂದ ಮತ್ತು ನಾದುವುದರಿಂದ. ಎರಡು ಕಪ್ ಹಿಟ್ಟಿನ ನಡುವೆ ಗುಣಿ ಮಾಡಿ, ಚಿಟಿಕೆ ಉಪ್ಪು ಹಾಕಿ, ಕುದಿಯುವ ನೀರು ಸ್ವಲ್ಪ ಸ್ವಲ್ಪವೇ ಸುರಿದು ಚಮಚದಿಂದ ಕಲಸಿ. ಕೈ ತಾಳುವಷ್ಟು ಆರಿದ ಮೇಲೆ ಒಂದು ರೊಟ್ಟಿಗೆ ಬೇಕಾದಷ್ಟೇ ಹಿಟ್ಟು ತೆಗೆದುಕೊಂಡು ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿ. ಉಂಡೆಯನ್ನು ಬೆರಳಿನಿಂದ ಅದುಮಿದಾಗ ಅಂಚು ಸೀಳಿದರೆ ಇನ್ನೂ ನಾದಬೇಕು. ಇಲ್ಲಿ ಅವಸರ ಬೇಡ, ರೊಟ್ಟಿ ಹರಿಯುವುದು ಹೆಂಚಿನ ಮೇಲಲ್ಲ, ಇಲ್ಲೇ. ಒಣಹಿಟ್ಟು ಉದುರಿಸಿ ತಟ್ಟಿ, ಕೊನೆಗೆ ಬಿಳಿ ಎಳ್ಳು ಚೆಲ್ಲಿ ಮೆಲ್ಲಗೆ ಒತ್ತಿ. ಎಳ್ಳಿನ ಮೈ ಕೆಳಗಾಗುವಂತೆ ಕಾದ ಹೆಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ. ನೀರು ಆರಿದೊಡನೆ ಮಗುಚಿ ಬೇಯಿಸಿ, ಕೊನೆಗೆ ಬೆಂಕಿಗೆ ಹಿಡಿದರೆ ಉಬ್ಬುತ್ತದೆ. ತೆಳುವಾಗಿ ತಟ್ಟಿ, ಬೇಯಿಸಿ, ಒಲೆಯ ಪಕ್ಕ ನಿಲ್ಲಿಸಿ ಒಣಗಿಸಿದರೆ ಕಡಕ್ ರೊಟ್ಟಿ; ವಾರಗಟ್ಟಲೆ ಕೆಡದು. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯ ಬುತ್ತಿಗೆ, ಸಂಕ್ರಾಂತಿಗೆ ಇದೇ ರೊಟ್ಟಿ. ಜೊತೆಗೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೊಂದು ಮುದ್ದೆ ಬೆಣ್ಣೆ.

100 ಗ್ರಾಂ ಸಜ್ಜೆಯಲ್ಲಿ ಸುಮಾರು 11 ಗ್ರಾಂ ಪ್ರೋಟೀನ್, ಅಷ್ಟೇ ನಾರು, 6 ಮಿಲಿಗ್ರಾಂ ಕಬ್ಬಿಣವಿದೆ. ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ಆದರೆ ಕಾಳಿನಲ್ಲಿರುವ ಫೈಟೇಟ್ ಎಂಬ ಅಂಶ ಆ ಕಬ್ಬಿಣವನ್ನು ಪೂರ್ತಿ ಮೈಗೆ ಹತ್ತಗೊಡದು. ಅದಕ್ಕೇ ಹಸಿ ಉಳ್ಳಾಗಡ್ಡಿಗೆ ನಿಂಬೆ ಹಿಂಡಿಕೊಂಡು ರೊಟ್ಟಿಯ ಜೊತೆ ತಿನ್ನಿ. ಊಟದ ಬೆನ್ನಿಗೇ ಚಹಾ ಬೇಡ. ಮೊಳಕೆ ಕಟ್ಟಿದರೂ ಫೈಟೇಟ್ ತಗ್ಗುತ್ತದೆ: ರಾತ್ರಿ ನೆನೆಸಿ, ಬಟ್ಟೆಯಲ್ಲಿ ಒಂದು ದಿನ ಕಟ್ಟಿಟ್ಟು, ಒಣಗಿಸಿ, ಹುರಿದು ಪುಡಿ ಮಾಡಿದರೆ ಗಂಜಿಗೆ ಸಿದ್ಧ.

ಥೈರಾಯ್ಡ್ ತೊಂದರೆ ಇದ್ದವರು ದಿನವೂ ತಿನ್ನುವ ಮುನ್ನ ವೈದ್ಯರನ್ನು ಕೇಳಲೇಬೇಕು. ಸಜ್ಜೆಯ ಕೆಲವು ಅಂಶಗಳು ಆ ಗ್ರಂಥಿಯ ಕೆಲಸಕ್ಕೆ ಅಡ್ಡಬರಬಹುದು. ಉಳಿದವರು ವಾರಕ್ಕೆರಡು ದಿನದಿಂದ ಶುರುಮಾಡಿ. ಮಕ್ಕಳಿಗಾದರೆ ಬಿಸಿ ರೊಟ್ಟಿ ಮುರಿದು, ಬೆಲ್ಲ ತುಪ್ಪ ಹಾಕಿ ಕೈಯಲ್ಲೇ ತಿಕ್ಕಿ ಉಂಡೆ ಕಟ್ಟಿ ಕೊಡಿ.